ಕೋಚ್ ಪ್ರಾರ್ಥನೆಗೆ ಕರೆದರೆ ಮಗಳು ಕೈ ಹಿಡಿಯಲೇಬೇಕಾ?

ಪ್ರಶ್ನೆ: ನಮ್ಮೂರು ಗದಗದ ಕಡೆ. ಈಗ ಟೆಕ್ಸಾಸಿನಲ್ಲಿ ಇದ್ದೇವೆ. ಮಗಳು ಇಲ್ಲಿನ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ, ಸಾಕರ್ ಸ್ಕಾಲರ್‌ಶಿಪ್ ಮೇಲೆ ಓದುತ್ತಿದ್ದಾಳೆ. ಪ್ರತಿ ಮ್ಯಾಚಿಗೆ ಮುಂಚೆ ಕೋಚ್ ಲಾಕರ್ ರೂಮಿನಲ್ಲಿ ಎಲ್ಲರನ್ನೂ ಕೈ ಕೈ ಹಿಡಿದು ನಿಲ್ಲಿಸಿ, ತಂಡದ ಪಾದ್ರಿಯಿಂದ ಯೇಸುವಿನ ಹೆಸರಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ. ಮಗಳಿಗೆ ಇದು ಕಸಿವಿಸಿ. ಇನ್ನೊಂದು, ಅವಳ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇದೆ. ಹೋದ ವರ್ಷ ಟೇಪ್ ಹಚ್ಚಿಕೊಂಡು ಆಡಿದಳು. ಈ ವರ್ಷ ಬಂದ ಹೊಸ ಟ್ರೇನರ್ ಬಿಚ್ಚಿಡು ಅಂದಿದ್ದಾರೆ. ಲಿಂಗ ಬಿಚ್ಚಿ ಆಡಲ್ಲ ಅಂತಾಳೆ ಇವಳು. ನಮ್ಮ ಯಜಮಾನರು, ಸುಮ್ನಿರಿ, ಸ್ಕಾಲರ್‌ಶಿಪ್ ಹೋದೀತು ಅಂತಾರೆ. ನಾನು ಯೂನಿವರ್ಸಿಟಿಗೆ ಫೋನ್ ಮಾಡಲಾ?

ಉತ್ತರ: ಅಕ್ಕಾ, ನಮಸ್ಕಾರ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಫೋನ್ ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪ್ರಾರ್ಥನೆಯಲ್ಲಿ ಅವಳು ಕೈ ಹಿಡಿಯಬೇಕಾಗಿಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕರಡಿಗೆಯ ವಿಷಯ ಸ್ವಲ್ಪ ಉದ್ದ, ಆದರೆ ಅಲ್ಲೂ ಅವಳ ಕೈಯೇ ಮೇಲಿದೆ. ಸ್ಕಾಲರ್‌ಶಿಪ್ ಬಗ್ಗೆ ನಿಮ್ಮ ಯಜಮಾನರಿಗೆ ಇರುವ ಭಯ ಸುಳ್ಳಲ್ಲ. ನಿಜ ಹೇಳಬೇಕೆಂದರೆ ಇಡೀ ವಿಷಯ ನಿಂತಿರುವುದೇ ಆ ಭಯದ ಮೇಲೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿಯಲ್ಲಿ ಧರ್ಮದ ಬಗ್ಗೆ ಎರಡು ಮಾತಿವೆ. ಸರ್ಕಾರ ಯಾವ ಧರ್ಮವನ್ನೂ ತನ್ನದು ಮಾಡಿಕೊಳ್ಳಬಾರದು. ಯಾರ ಧರ್ಮದ ಆಚರಣೆಗೂ ಅಡ್ಡ ಬರಬಾರದು. ಸರ್ಕಾರಿ ಯೂನಿವರ್ಸಿಟಿ ಅಂದರೆ ಸರ್ಕಾರವೇ, ಅಲ್ಲಿನ ಕೋಚ್ ಸರ್ಕಾರಿ ನೌಕರ. ಹಾಗಾಗಿ ಎರಡೂ ಮಾತು ಅವರಿಗೆ ಅನ್ವಯ. ನೋಟರ್ ಡೇಮ್, ಬೇಯ್ಲರ್, ಬ್ರಿಗಮ್ ಯಂಗ್ ತರಹದ ಖಾಸಗಿ ಯೂನಿವರ್ಸಿಟಿಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಓದಿದ ಯಾರಾದರೂ ನಿಮಗೆ 'ನಮ್ಮ ಕಾಲೇಜಲ್ಲಿ ಎಲ್ಲರೂ ಪ್ರಾರ್ಥನೆ ಮಾಡ್ತಿದ್ವಿ, ಏನೂ ಆಗಲಿಲ್ಲ' ಅಂದರೆ, ಅದು ಬೇರೆ ಲೆಕ್ಕ.

ಈಗ ಈ ಲಾಕರ್ ರೂಮಿನ ಪ್ರಾರ್ಥನೆ. ನಿಮ್ಮ ಕೋಚ್ ಬಹುಶಃ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಕೇಸಿನ ಹೆಸರು ಹೇಳುತ್ತಾರೆ. ಈಚೆಗೆ ಎಲ್ಲ ಕೋಚುಗಳ ಬಾಯಲ್ಲೂ ಅದೇ. ಅಲ್ಲಿನ ಹೈಸ್ಕೂಲಿನಲ್ಲಿ ಜೋಸೆಫ್ ಕೆನಡಿ ಅನ್ನುವ ಅಮೆರಿಕನ್ ಫುಟ್ಬಾಲ್ (ಸಾಕರ್ ಅಲ್ಲ) ಸಹಾಯಕ ಕೋಚ್ ಮ್ಯಾಚ್ ಮುಗಿದ ಮೇಲೆ ಮೈದಾನದ ನಟ್ಟನಡುವೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. 2015ರಲ್ಲಿ ಶಾಲೆಯವರು ಬೇಡ ಅಂದರು, ಅವರು ಬಿಡಲಿಲ್ಲ, ಸಂಬಳ ಕೊಟ್ಟು ರಜೆ ಮೇಲೆ ಕಳಿಸಿದರು. 2022ರ ಜೂನ್ 27ರಂದು ಸುಪ್ರೀಂ ಕೋರ್ಟು 6-3ರಲ್ಲಿ ಕೆನಡಿ ಪರ ತೀರ್ಪು ಕೊಟ್ಟಿತು. ಅಷ್ಟು ಕೇಳಿದವರು 'ಕೋಚ್ ಪ್ರಾರ್ಥನೆ ಮಾಡಿಸಬಹುದು' ಅಂತ ಹೇಳಿಕೊಂಡು ಓಡಾಡುತ್ತಾರೆ. ತೀರ್ಪು ಹಾಗೆ ಹೇಳಿಲ್ಲ. ಕೋರ್ಟು ನೋಡಿದ್ದು 2015ರ ಅಕ್ಟೋಬರಿನ ಮೂರು ಪ್ರಾರ್ಥನೆಗಳನ್ನು ಮಾತ್ರ. ಮ್ಯಾಚ್ ಮುಗಿದಿತ್ತು, ತನ್ನ ತಂಡದ ಹುಡುಗರು ಬೇರೆ ಕೆಲಸದಲ್ಲಿದ್ದರು, ಉಳಿದ ಕೋಚುಗಳು ಫೋನ್ ನೋಡಿಕೊಳ್ಳಬಹುದಾದ ಹೊತ್ತು, ಆಗ ಈ ಮನುಷ್ಯ ತನ್ನ ಪಾಡಿಗೆ ತಾನು ಪ್ರಾರ್ಥನೆ ಮಾಡಿದ, ಹುಡುಗರನ್ನು ಕರೆಯಲಿಲ್ಲ, ಆದ್ದರಿಂದ ಅದು ಅವನ ಸ್ವಂತ ವಿಷಯ ಅಂತ ಬಹುಮತದ ಲೆಕ್ಕ. ಬಲವಂತ ಮಾಡಿದರೆ ಅದು ತಪ್ಪೇ ಅಂತ ಅದೇ ತೀರ್ಪು ಹೇಳುತ್ತದೆ. ಭಿನ್ನಮತ ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಈ 'ತನ್ನ ಪಾಡಿಗೆ' ಅನ್ನುವ ಕಥೆಯನ್ನು ಒಪ್ಪದೆ, ಕೋಚಿನ ಸುತ್ತ ಹುಡುಗರು ಮುತ್ತಿಕೊಂಡು ನಿಂತಿರುವ ಫೋಟೋಗಳನ್ನೇ ತಮ್ಮ ಬರಹದಲ್ಲಿ ಅಂಟಿಸಿದರು. ನನ್ನನ್ನು ಕೇಳಿದರೆ ಫೋಟೋಗಳೇ ಹೆಚ್ಚು ನಿಜ ಹೇಳುತ್ತವೆ. ಆದರೆ ನಾನು ಸುಪ್ರೀಂ ಕೋರ್ಟಲ್ಲ.

ಆ ಕೇಸಿನ ಕಡತದಲ್ಲಿ ಒಂದು ಸಣ್ಣ ಸಾಲಿದೆ. ಒಬ್ಬ ಹುಡುಗನ ತಂದೆ ತಾಯಿ ಹೇಳಿದ್ದು: ಮಗ ನಾಸ್ತಿಕ, ಆದರೂ ಪ್ರಾರ್ಥನೆಗೆ ಸೇರುತ್ತಿದ್ದ, ಯಾಕೆಂದರೆ ಸೇರದಿದ್ದರೆ ಆಡೋ ಚಾನ್ಸು ಕಡಿಮೆ ಸಿಗುತ್ತದೆ ಅಂತ ಅವನಿಗೆ ಅನ್ನಿಸಿತ್ತು. ಕೋಚ್ ಹಾಗೆ ಯಾವತ್ತೂ ಹೇಳಿರಲಿಕ್ಕಿಲ್ಲ. ಹೇಳಬೇಕಾಗಿಯೂ ಇಲ್ಲ. ಹನ್ನೊಂದು ಜನರ ಪಟ್ಟಿ ಬರೆಯುವುದು ಯಾರು ಅಂತ ಪ್ರತಿ ಹುಡುಗನಿಗೂ ಗೊತ್ತಿರುತ್ತದೆ.

ನಿಮ್ಮ ಮಗಳ ಕೋಚ್ ಮಾಡುತ್ತಿರುವುದು ಇದಕ್ಕಿಂತ ಬಹಳ ಜಾಸ್ತಿ. ಮ್ಯಾಚಿಗೆ ಮುಂಚೆ, ತಂಡದ ಕೋಣೆಯಲ್ಲಿ, ಎಲ್ಲರನ್ನೂ ಸೇರಿಸಿ, ಕೈ ಹಿಡಿಸಿ. ಇದು ಕೆನಡಿ ತೀರ್ಪಿನ ಕೊಡೆ ಅಡಿಗೆ ಬರುವುದಿಲ್ಲ. ನಿಮ್ಮ ಟೆಕ್ಸಾಸಿನದೇ ಇನ್ನೊಂದು ತೀರ್ಪಿದೆ. ಗ್ಯಾಲ್ವೆಸ್ಟನ್ ಕೌಂಟಿಯ ಸಾಂಟಾ ಫೆ ಶಾಲೆಗಳಲ್ಲಿ ಫುಟ್ಬಾಲ್ ಮ್ಯಾಚಿಗೆ ಮುಂಚೆ ಮೈಕಿನಲ್ಲಿ ಪ್ರಾರ್ಥನೆ ಇರುತ್ತಿತ್ತು. ವಿದ್ಯಾರ್ಥಿಯೇ ಹೇಳುತ್ತಿದ್ದ, ವಿದ್ಯಾರ್ಥಿಗಳೇ ಓಟು ಹಾಕಿ ಆರಿಸುತ್ತಿದ್ದರು. ಆದರೂ 2000ದಲ್ಲಿ ಸುಪ್ರೀಂ ಕೋರ್ಟು 6-3ರಲ್ಲಿ ಅದು ನಡೆಯಲ್ಲ ಅಂದಿತು. ದೂರು ಕೊಟ್ಟವರು ಯಾರು ಗೊತ್ತಾ? ಒಂದು ಮಾರ್ಮನ್ ಕುಟುಂಬ, ಒಂದು ಕ್ಯಾಥೊಲಿಕ್ ಕುಟುಂಬ. ನಮ್ಮವರು ಇಂಥ ಜಗಳವನ್ನು ಹಿಂದೂ-ಕ್ರೈಸ್ತ ಜಗಳ ಅಂದುಕೊಂಡು ಹೆದರುತ್ತಾರೆ. ಅಮೆರಿಕದಲ್ಲಿ ಇದನ್ನು ಮೊದಲಿಂದ ಹೊತ್ತುಕೊಂಡು ಬಂದವರು ಬಹಳಷ್ಟು ಸಲ ಯೇಸುವಿನ ಭಕ್ತರೇ.

'ಅವೆಲ್ಲ ಶಾಲೆ ಮಕ್ಕಳ ಕೇಸು, ಇಲ್ಲಿ ಎಲ್ಲರೂ ದೊಡ್ಡವರು' ಅಂತ ಯೂನಿವರ್ಸಿಟಿಯ ವಕೀಲರು ಹೇಳಬಹುದು. ಈ ವಾದಕ್ಕೆ ತೂಕ ಇದೆ, ಸುಮ್ನೆ ತಳ್ಳಿಹಾಕಬೇಡಿ. ಇದರಲ್ಲಿ ಸೋತವರು ನಮ್ಮ ದೇಶದಿಂದಲೇ ಹೋದವರು. ನ್ಯಾಶ್‌ವಿಲ್ಲಿನ ಟೆನೆಸಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಚೌಧುರಿ ಅನ್ನುವ ಒಬ್ಬ ಪ್ರಾಧ್ಯಾಪಕರಿದ್ದರು. ಭಾರತದಿಂದ ಹೋದ ಹಿಂದೂ. ಪದವಿ ಪ್ರದಾನ, ಅಧ್ಯಾಪಕರ ಸಭೆ, ಎಲ್ಲದರಲ್ಲೂ ಪ್ರಾರ್ಥನೆ ಯಾಕೆ ಅಂತ ಕೇಳಿದರು. ಯೂನಿವರ್ಸಿಟಿ ಪ್ರಾರ್ಥನೆ ಬಿಟ್ಟು 'ಒಂದು ನಿಮಿಷ ಮೌನ' ಅಂತ ಮಾಡಿತು. ಪದವಿ ಪ್ರದಾನದ ದಿನ ಮೌನ ಅಂದ ತಕ್ಷಣ ಸಭಿಕರು ಎದ್ದು ನಿಂತು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಗಟ್ಟಿಯಾಗಿ ಶುರು ಮಾಡಿದರು, ಮುಗಿದ ಮೇಲೆ ಚಪ್ಪಾಳೆ! ಆ ಹೊತ್ತಿನಲ್ಲಿ ಆ ಮನುಷ್ಯನಿಗೆ ಹೇಗಾಗಿರಬೇಡ. 1997ರಲ್ಲಿ ಮೇಲ್ಮನವಿ ಕೋರ್ಟು ಯೂನಿವರ್ಸಿಟಿ ಪರವಾಗಿಯೇ ತೀರ್ಪು ಕೊಟ್ಟಿತು. ಇವರೆಲ್ಲ ದೊಡ್ಡವರು, ಬಲವಂತ ಏನಿಲ್ಲ, ಬೇಡದವರು ಬರದೇ ಇರಬಹುದು ಅನ್ನುವುದು ಮುಖ್ಯ ಕಾರಣ.

ಆದರೆ 2003ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟು ಬೇರೆ ದಾರಿ ಹಿಡಿಯಿತು. ವರ್ಜೀನಿಯಾದ ಮಿಲಿಟರಿ ಇನ್‌ಸ್ಟಿಟ್ಯೂಟ್, ಅದೂ ಸರ್ಕಾರಿ ಕಾಲೇಜೇ. ರಾತ್ರಿ ಊಟಕ್ಕೆ ಮುಂಚೆ ಒಬ್ಬ ಕೆಡೆಟ್ ಪ್ರಾರ್ಥನೆ ಓದುತ್ತಿದ್ದ. ಉಳಿದವರು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ತಲೆ ಬಗ್ಗಿಸಬೇಕಾಗಿರಲಿಲ್ಲ, ಸುಮ್ನೆ ನಿಂತರೆ ಸಾಕಿತ್ತು. ಇಬ್ಬರು ಕೆಡೆಟ್‌ಗಳು ಕೋರ್ಟಿಗೆ ಹೋದರು, ಗೆದ್ದರು. ಅವರೂ ಹದಿನೆಂಟು ದಾಟಿದವರೇ. ಆದರೆ ಮೇಲಿನವರು ಹೇಳಿದ್ದನ್ನು ಕೇಳುವುದೇ ಬದುಕಾಗಿರುವ ಜಾಗದಲ್ಲಿ 'ಬೇಡವಾದರೆ ಬಿಡು' ಅನ್ನುವ ಮಾತಿಗೆ ಅರ್ಥ ಇಲ್ಲ ಅಂತ ಕೋರ್ಟಿಗೆ ಅನ್ನಿಸಿತು.

ನಿಮ್ಮ ಮಗಳ ಲಾಕರ್ ರೂಮು ಪದವಿ ಪ್ರದಾನದ ಸಭಾಂಗಣದ ಹಾಗಿದೆಯಾ, ಆ ಊಟದ ಹಾಲಿನ ಹಾಗಿದೆಯಾ? ಸಭಾಂಗಣದಲ್ಲಿ ಸಾವಿರಾರು ಜನ, ನೀವು ಹಿಂದಿನ ಸಾಲಿನಲ್ಲಿ ಕಾಫಿ ಕುಡಿಯಲು ಎದ್ದು ಹೋದರೂ ಯಾರೂ ನೋಡುವುದಿಲ್ಲ. ಲಾಕರ್ ರೂಮಿನಲ್ಲಿ ಇಪ್ಪತ್ತೈದು ಮೂವತ್ತು ಹುಡುಗಿಯರು, ಒಬ್ಬಳ ಕೈ ತಪ್ಪಿದರೆ ಸುತ್ತು ಒಡೆಯುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ. ಏಳುವ ಹೊತ್ತು, ತಿನ್ನುವ ಊಟ, ಆಡುವ ನಿಮಿಷ, ಫೀಸು, ಎಲ್ಲದರ ಬೀಗದ ಕೈ ಒಬ್ಬರ ಹತ್ತಿರ ಇದೆ. ನಾನು ಅದನ್ನು ಊಟದ ಹಾಲಿನ ಪಕ್ಕದಲ್ಲೇ ಇಡುತ್ತೇನೆ. ಈ ಎರಡು ತೀರ್ಪುಗಳೂ ಟೆಕ್ಸಾಸಿನ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಒಂದು ಟೆನೆಸಿ ಇರುವ ಸರ್ಕ್ಯೂಟಿನದು (ಕೆಲವು ರಾಜ್ಯಗಳಿಗೆ ಸೇರಿ ಒಂದು ಮೇಲ್ಮನವಿ ಕೋರ್ಟು, ಅದರ ವ್ಯಾಪ್ತಿಗೆ ಸರ್ಕ್ಯೂಟ್ ಅಂತಾರೆ), ಇನ್ನೊಂದು ವರ್ಜೀನಿಯಾದ್ದು. ವಾದಕ್ಕೆ ಬಳಸಬಹುದು ಅಷ್ಟೇ.

ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯ ಕೇಸು ನಿಮ್ಮದಕ್ಕೆ ಎಲ್ಲಕ್ಕಿಂತ ಹತ್ತಿರ. ಅಲ್ಲಿನ ಫುಟ್ಬಾಲ್ ತಂಡದಲ್ಲಿ ಅಭ್ಯಾಸ ಮುಗಿದ ಮೇಲೆ, ಮ್ಯಾಚಿಗೆ ಮುಂಚೆ, ಕ್ರೈಸ್ತ ಪ್ರಾರ್ಥನೆ ಮಾಡಿಸುತ್ತಿದ್ದರು, ಮುಸ್ಲಿಂ ಆಟಗಾರರು ಬೇರೆ ನಿಂತು ತಮ್ಮ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು, ಹೊರಗಿನವರ ಹಾಗೆ ಆಗಿತ್ತು, ಕೊನೆಗೆ ತಂಡದಿಂದಲೇ ತೆಗೆದರು ಅನ್ನುವುದು ಅವರ ದೂರು. ಯೂನಿವರ್ಸಿಟಿ ತಪ್ಪು ಒಪ್ಪಲಿಲ್ಲ. 2006ರಲ್ಲಿ ಕೇಸು ಹಾಕಿದರು, ಮರುವರ್ಷ ದುಡ್ಡು ಕೊಟ್ಟು ರಾಜಿಯಾಯಿತು. ತೀರ್ಪು ಬರಲಿಲ್ಲ. ಇಂಥವು ಹೆಚ್ಚಿನವು ಹೀಗೇ ಮುಗಿಯುತ್ತವೆ, ಅದಕ್ಕೇ ಕಾಲೇಜು ಕ್ರೀಡೆಯ ಬಗ್ಗೆ ನೇರವಾದ ದೊಡ್ಡ ತೀರ್ಪುಗಳು ಕಡಿಮೆ. ಕೊಲೊರಾಡೊ ಯೂನಿವರ್ಸಿಟಿಗೆ ಡೀಯಾನ್ ಸ್ಯಾಂಡರ್ಸ್ ಫುಟ್ಬಾಲ್ ಕೋಚಾಗಿ ಬಂದ ಹೊಸತರಲ್ಲಿ, 2023ರ ಜನವರಿಯಲ್ಲಿ, ತಂಡದ ಮೀಟಿಂಗಿನ ಪ್ರಾರ್ಥನೆಗಳ ಬಗ್ಗೆ ಒಂದು ಸಂಸ್ಥೆ ಪತ್ರ ಬರೆಯಿತು. ಯೂನಿವರ್ಸಿಟಿ ಕೋರ್ಟಿನವರೆಗೂ ಕಾಯಲಿಲ್ಲ, ಕೋಚಿಗೆ ಗಡಿ ಎಲ್ಲಿದೆ ಅಂತ ಕೂರಿಸಿ ತಿಳಿಸಿದೆವು ಅಂತ ಉತ್ತರ ಕೊಟ್ಟಿತು. ನಿಮ್ಮ ಯೂನಿವರ್ಸಿಟಿಯ ವಕೀಲರ ಕಚೇರಿಗೂ ಇದೆಲ್ಲ ಗೊತ್ತಿರುತ್ತದೆ. ಸಾಮಾನ್ಯವಾಗಿ ಗೊತ್ತಿಲ್ಲದಿರುವುದು ಕೋಚಿಗೆ.

ಒಂದು ಮಾತು ನಿಷ್ಠುರವಾಗಿ ಹೇಳಬೇಕು. ಮಗಳ ಗೆಳತಿಯರು ತಾವೇ ಸೇರಿ ಪ್ರಾರ್ಥನೆ ಮಾಡಿದರೆ, ಗೋಲ್ ಹೊಡೆದು ಮಂಡಿಯೂರಿದರೆ, ಸಂಜೆ ಕ್ರೈಸ್ತ ವಿದ್ಯಾರ್ಥಿ ಸಂಘದ ಸಭೆಗೆ ಹೋದರೆ, ಅದನ್ನು ನಿಲ್ಲಿಸಿ ಅಂತ ಕೇಳಬೇಡಿ. ಅದು ಅವರ ಹಕ್ಕು. ಉಳಿದ ಸಂಘಗಳಿಗೆ ಕೊಡುವ ಜಾಗವನ್ನು ಧಾರ್ಮಿಕ ಸಂಘಕ್ಕೂ ಕೊಡಬೇಕು ಅಂತ 1981ರಲ್ಲೇ ಸುಪ್ರೀಂ ಕೋರ್ಟು ಮಿಸೌರಿ ಯೂನಿವರ್ಸಿಟಿಯ ಕೇಸಿನಲ್ಲಿ ಹೇಳಿದೆ. ಅದೇ ತೀರ್ಪಿನ ನೆರಳಿನಲ್ಲೇ ನಮ್ಮ ಹುಡುಗರು ಕ್ಯಾಂಪಸ್ಸಿನಲ್ಲಿ ಗಣೇಶನನ್ನು ಕೂರಿಸುವುದು. ನಿಮ್ಮ ಮಗಳು ಮೈದಾನಕ್ಕೆ ಇಳಿಯುವಾಗ ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರೂ ಅಷ್ಟೇ, ಯಾರೂ ಕೇಳುವ ಹಾಗಿಲ್ಲ. ತಕರಾರು ಇರುವುದು ಕೋಚ್ ಮಾಡಿಸುವುದಕ್ಕೆ ಮಾತ್ರ.

ಇನ್ನು ಕರಡಿಗೆ.

ಇಲ್ಲಿ ನಮ್ಮ ದೇಶದ ತಲೆ ತೆಗೆದಿಟ್ಟು ಯೋಚನೆ ಮಾಡಬೇಕು. ನಮ್ಮಲ್ಲಿ ಕೋರ್ಟು ಮೊದಲು ಕೇಳುವುದು, ಈ ಆಚರಣೆ ಆ ಧರ್ಮಕ್ಕೆ ಅತ್ಯಗತ್ಯವಾ ಅಂತ. ಆ ಪರೀಕ್ಷೆ ಹುಟ್ಟಿದ್ದು 1954ರಲ್ಲಿ, ನಮ್ಮ ಉಡುಪಿಯ ಶಿರೂರು ಮಠದ ಕೇಸಿನಲ್ಲಿ. ಅದೇ ಪರೀಕ್ಷೆ ಇಟ್ಟುಕೊಂಡು 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಹಿಜಾಬ್ ಅತ್ಯಗತ್ಯ ಆಚರಣೆ ಅಲ್ಲ ಅಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ತೀರ್ಪು ಬರೆದರು. ಅಮೆರಿಕದ ಕೋರ್ಟು ಈ ಪ್ರಶ್ನೆಗೆ ಕೈ ಹಾಕುವುದೇ ಇಲ್ಲ. ಯಾವ ಶಾಸ್ತ್ರದಲ್ಲಿದೆ, ಯಾವ ವಚನದಲ್ಲಿದೆ, ಎಲ್ಲ ಲಿಂಗಾಯತರೂ ಹಾಗೇ ಮಾಡುತ್ತಾರಾ ಅಂತ ಕೇಳಲ್ಲ. ಈ ಹುಡುಗಿ ಇದನ್ನು ಮನಸಾರೆ ನಂಬುತ್ತಾಳಾ ಅಂತ ಮಾತ್ರ ನೋಡುತ್ತದೆ. ಆದ್ದರಿಂದ 'ನಿಮ್ಮ ಪೈಕಿ ಎಷ್ಟೋ ಜನ ಲಿಂಗ ಕಟ್ಟೋದೇ ಇಲ್ಲವಲ್ಲ' ಅಂತ ಯಾರಾದರೂ ಅಂದರೆ ಅದಕ್ಕೆ ಉತ್ತರ ಕೊಡುವ ಗೋಜಿಗೇ ಹೋಗಬೇಡಿ. ಮಠದಿಂದ ಪತ್ರ ತರಿಸುವುದೂ ಬೇಡ. ನಮ್ಮ ಜನಕ್ಕೆ ಪತ್ರ ತರಿಸುವುದರಲ್ಲಿ ಅದೇನು ಆಸೆಯೋ.

ಹಾಗಂತ ನಂಬಿಕೆ ಇದ್ದರೆ ಎಲ್ಲ ನಡೆಯುತ್ತದೆ ಅಂತಲ್ಲ. ಎಲ್ಲರಿಗೂ ಒಂದೇ ತರಹ ಅನ್ವಯಿಸುವ ನಿಯಮವಾದರೆ ಧರ್ಮದ ಹೆಸರಲ್ಲಿ ವಿನಾಯಿತಿ ಕೊಡಲೇಬೇಕಾಗಿಲ್ಲ ಅಂತ 1990ರಿಂದ ಸುಪ್ರೀಂ ಕೋರ್ಟಿನ ನಿಲುವು. ಆದರೆ ಬೇರೆ ಕಾರಣಕ್ಕೆ ವಿನಾಯಿತಿ ಕೊಡುವ ನಿಯಮ ಧರ್ಮಕ್ಕೆ ಮಾತ್ರ ಇಲ್ಲ ಅಂದರೆ ಅದು ಉಳಿಯುವುದು ಕಷ್ಟ, 2021ರ ತೀರ್ಪುಗಳ ನಂತರವಂತೂ ಇನ್ನೂ ಕಷ್ಟ. ಸಕ್ಕರೆ ಕಾಯಿಲೆಯ ಹುಡುಗಿಗೆ ಮೆಡಿಕಲ್ ಬಳೆ ಹಾಕಿಕೊಂಡು ಆಡಲು ಬಿಡುತ್ತಾರಾ? ಬಿಟ್ಟರೆ ಇವಳಿಗೂ ಬಿಡಬೇಕು. ಎಷ್ಟೋ ಆಟಗಳ ರೂಲ್ ಬುಕ್ಕಿನಲ್ಲಿ ಒಡವೆ ನಿಷೇಧದ ಕೆಳಗೇ ಮೆಡಿಕಲ್ ಪದಕ, ಧಾರ್ಮಿಕ ಪದಕ ಎರಡಕ್ಕೂ ವಿನಾಯಿತಿ ಬರೆದಿರುತ್ತಾರೆ. ಸರ ತೆಗೆದು, ಮೈಗೆ ಟೇಪ್ ಹಚ್ಚಿ, ಜೆರ್ಸಿ ಒಳಗೆ ಇರಬೇಕು ಅನ್ನುವುದು ಷರತ್ತು. ಈ ವರ್ಷದ ಸಾಕರ್ ರೂಲ್ ಬುಕ್ ತೆಗೆದು ಆ ಪುಟ ಮಗಳೇ ಓದಲಿ. ಹೋದ ವರ್ಷ ಅವಳು ಟೇಪ್ ಹಚ್ಚಿ ಆಡಿದ್ದೇ ದೊಡ್ಡ ಸಾಕ್ಷಿ.

ಇದರ ಮೇಲೆ ಟೆಕ್ಸಾಸಿನವರಿಗೆ ಇನ್ನೊಂದು ಬಲ ಇದೆ. 1999ರಲ್ಲಿ ಆ ರಾಜ್ಯ ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಂತಲೇ ಕಾನೂನು ಮಾಡಿದೆ. ಸರ್ಕಾರಿ ಸಂಸ್ಥೆ ಯಾರ ಆಚರಣೆಗಾದರೂ ದೊಡ್ಡ ಅಡ್ಡಿ ತಂದರೆ, ಅದಕ್ಕೆ ಬಲವಾದ ಕಾರಣ ತೋರಿಸಬೇಕು, ಇದಕ್ಕಿಂತ ಕಡಿಮೆ ತೊಂದರೆಯ ದಾರಿ ಇರಲಿಲ್ಲ ಅಂತಲೂ ತೋರಿಸಬೇಕು. ಹ್ಯೂಸ್ಟನ್ ಹತ್ತಿರದ ನೀಡ್‌ವಿಲ್ ಅನ್ನುವ ಊರಿನಲ್ಲಿ ಐದು ವರ್ಷದ ಒಬ್ಬ ಮೂಲನಿವಾಸಿ ಹುಡುಗ ತನ್ನ ಧರ್ಮದ ನಂಬಿಕೆಯಂತೆ ಉದ್ದ ಕೂದಲು ಬಿಟ್ಟಿದ್ದ. ಶಾಲೆಯವರು ಜಡೆ ಹೆಣೆದು ಅಂಗಿಯೊಳಗೆ ತುರುಕಿಕೊಂಡು ಬಾ ಅಂದರು. 2010ರಲ್ಲಿ ಮೇಲ್ಮನವಿ ಕೋರ್ಟು ಈ ಕಾನೂನಿನ ಮೇಲೇ ಹುಡುಗನ ಪರ ನಿಂತಿತು. ಇದು ನಿಮ್ಮ ಸರ್ಕ್ಯೂಟಿನದೇ ತೀರ್ಪು. ಒಂದು ಎಚ್ಚರ: ಈ ಕಾನೂನಿನಡಿ ಕೇಸು ಹಾಕುವುದಕ್ಕೆ ಸಾಮಾನ್ಯವಾಗಿ 60 ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು.

ಟ್ರೇನರ್ ಮಾತಿನಲ್ಲೂ ಒಂದು ನಿಜ ಇದೆ, ಅದನ್ನು ಒಪ್ಪಿಕೊಳ್ಳೋಣ. ರೂಲ್ ಬುಕ್ ಬರೆದವರ ತಲೆಯಲ್ಲಿದ್ದದ್ದು ಕ್ರೈಸ್ತರ ಪದಕ, ಎಂಟಾಣೆಯಷ್ಟು ಅಗಲ, ಚಪ್ಪಟೆ. ಬೆಳ್ಳಿಯ ಕರಡಿಗೆ ಹಾಗಲ್ಲ. ಉಬ್ಬಿರುತ್ತದೆ, ಗಟ್ಟಿ ಇರುತ್ತದೆ, ಕೆಲವಕ್ಕೆ ಎರಡು ಕಡೆ ಚೂಪು ತುದಿ ಬೇರೆ. ಬಾಲನ್ನು ಎದೆಯಲ್ಲಿ ತಡೆಯುವ ಆಟ ಇದು. ಎದುರಿನ ಹುಡುಗಿ ಬಂದು ಗುದ್ದಿದರೆ ಇಬ್ಬರಿಗೂ ಪೆಟ್ಟು. ಸುರಕ್ಷತೆ ಅನ್ನುವ ಕಾರಣವನ್ನು ಯಾವ ಕೋರ್ಟೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಬಿಚ್ಚಿಡು ಅನ್ನುವುದೊಂದೇ ದಾರಿಯಲ್ಲ. ನಮ್ಮಲ್ಲಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಧರಿಸುವ ರೂಢಿ ಇದೆ, ತೋಳಿಗೆ ಕಟ್ಟುವವರೂ ಇದ್ದಾರೆ. ಆಟದ ಹೊತ್ತಿಗೆ ಕರಡಿಗೆ ಬದಲು ವಸ್ತ್ರದಲ್ಲಿ ಸುತ್ತಿ, ಮೇಲೆ ಸ್ಪಂಜಿನ ಪಟ್ಟಿ ಇಟ್ಟು, ಪಕ್ಕೆಗೆ ಟೇಪ್ ಹಚ್ಚಬಹುದಾ? ಶಿವದಾರ ಕೊರಳಲ್ಲಿ ಇದ್ದರೆ ಯಾರಾದರೂ ಎಳೆದಾಗ ಕುತ್ತಿಗೆಗೆ ಬಿಗಿಯುತ್ತದೆ, ಅದನ್ನು ಹೇಗೆ ಮಾಡುವುದು? ಇದು ಕಾನೂನಿನ ಪ್ರಶ್ನೆ ಅಲ್ಲ, ಮನೆಯ ಪ್ರಶ್ನೆ. ಗದಗಿನಲ್ಲಿ ಅಜ್ಜಿ ಇದ್ದರೆ ವಿಡಿಯೋ ಕಾಲ್ ಹಾಕಿ ಕೇಳಿ. ನಾನು ಕಂಡ ಹಾಗೆ ಅಜ್ಜಿಯರ ಹತ್ತಿರ ಕೋರ್ಟಿಗಿಂತ ಬೇಗ ಪರಿಹಾರ ಸಿಗುತ್ತದೆ.

ಬೇರೆಯವರೂ ಹೀಗೇ ದಾರಿ ಮಾಡಿಕೊಂಡಿದ್ದಾರೆ. ಬಿಲ್ಕೀಸ್ ಅಬ್ದುಲ್-ಖಾದಿರ್ ಮೆಂಫಿಸ್ ಯೂನಿವರ್ಸಿಟಿಯಲ್ಲಿ ಹಿಜಾಬ್ ಹಾಕಿಕೊಂಡೇ ಬ್ಯಾಸ್ಕೆಟ್‌ಬಾಲ್ ಆಡಿದರು. ಕಾಲೇಜಿನಲ್ಲಿ ನಡೆದದ್ದು ಹೊರಗೆ ನಡೆಯಲಿಲ್ಲ, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ತಲೆಯ ಬಟ್ಟೆಗೆ ಬಿಡುತ್ತಿರಲಿಲ್ಲ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಮ್ಮ ಭಾರತ ತಂಡದ ಇಬ್ಬರು ಸಿಖ್ ಆಟಗಾರರಿಂದಲೂ ಪೇಟ ತೆಗೆಸಿದ್ದರು. ಆ ನಿಯಮ ಬದಲಾಗಿದ್ದು 2017ರಲ್ಲಿ.

ಕೊನೆಗೆ ಸ್ಕಾಲರ್‌ಶಿಪ್. ಹಕ್ಕು ಕೇಳಿದ್ದಕ್ಕೆ ಸೇಡು ತೀರಿಸಿಕೊಂಡರೆ ಅದೇ ಬೇರೆ ತಪ್ಪು, ಅದಕ್ಕೆ ಫೆಡರಲ್ ಕೋರ್ಟಿನಲ್ಲಿ ದಾರಿ ಇದೆ. ಆದರೆ ಯಾವ ಕೋಚೂ 'ನೀನು ಕೈ ಹಿಡಿಯಲಿಲ್ಲ ಅಂತ ಬೆಂಚಿನ ಮೇಲೆ ಕೂರಿಸಿದೆ' ಅನ್ನಲ್ಲ. ಫಾರ್ಮ್ ಇಲ್ಲ ಅಂತಾರೆ. ಆದ್ದರಿಂದ ಎಲ್ಲ ಬರಹದಲ್ಲಿ, ದಿನಾಂಕದ ಜೊತೆ ಇರಬೇಕು. ಕಳೆದ ವರ್ಷ ಎಷ್ಟು ನಿಮಿಷ ಆಡಿದಳು ಅನ್ನುವ ಲೆಕ್ಕ ತೆಗೆದಿಡಲಿ.

ನೀವು ಫೋನ್ ಮಾಡಬೇಡಿ ಅಂದದ್ದು ಇದಕ್ಕೇ. ಹದಿನೆಂಟು ತುಂಬಿದ ಮೇಲೆ ವಿದ್ಯಾರ್ಥಿಯ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು, 1974ರ ಕಾನೂನು ಹಾಗಿದೆ. ಯೂನಿವರ್ಸಿಟಿ ನಿಮ್ಮ ಜೊತೆ ಮಾತಾಡಲು ಹಿಂಜರಿಯುತ್ತದೆ. ಅಮ್ಮ ಫೋನ್ ಮಾಡಿದರು ಅನ್ನುವುದು ತಂಡದಲ್ಲಿ ಬೇಗ ಹರಡುತ್ತದೆ ಬೇರೆ. ಹಿಂದೆ ಇಂಥದೇ ಒಂದು ಹುಡುಗ ನನ್ನ ಹತ್ತಿರ ಬಂದಿದ್ದ, ನಮ್ಮ ಕಡೆಯವನೇ, ಟೆನಿಸ್ ಆಡುತ್ತಿದ್ದ. ಪ್ರಾರ್ಥನೆ ಶುರುವಾದಾಗ ಎರಡು ವರ್ಷ ಅವನು ಮಾಡಿದ್ದು ಒಂದೇ ಉಪಾಯ: ಬಗ್ಗಿ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟುವುದು. 'ಸರ್, ನನ್ನಷ್ಟು ಚೆನ್ನಾಗಿ ಲೇಸ್ ಕಟ್ಟೋರು ಇಡೀ ರಾಜ್ಯದಲ್ಲಿ ಇಲ್ಲ' ಅಂದಿದ್ದ. ಕೊನೆಗೆ ಕ್ಯಾಪ್ಟನ್ ಹತ್ತಿರ ಹೇಳಿದ. ಕ್ಯಾಪ್ಟನ್ ಕೋಚಿಗೆ ಹೇಳಿದ. ಮುಂದಿನ ವಾರದಿಂದ ಕೋಚ್ ಹೊರಗೆ ಹೋಗುತ್ತಿದ್ದರು, ಬೇಕಾದ ಹುಡುಗರು ಒಂದು ಮೂಲೆಯಲ್ಲಿ ತಾವೇ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು. ವಕೀಲರೇ ಬೇಕಾಗಲಿಲ್ಲ.

ಮಗಳು ಮೊದಲು ಕೋಚಿನ ಹತ್ತಿರ ಎರಡು ನಿಮಿಷ ಮಾತಾಡಲಿ. ಪ್ರಾರ್ಥನೆ ಆಗುವಾಗ ನಾನು ಹೊರಗಿರುತ್ತೇನೆ, ಮುಗಿದ ತಕ್ಷಣ ಬರುತ್ತೇನೆ, ಅಷ್ಟೇ ಸಾಕು. ಅದೇ ದಿನ ಸಂಜೆ 'ಇವತ್ತು ಮಾತಾಡಿದ ಹಾಗೆ' ಅಂತ ಶುರು ಮಾಡಿ ಒಂದು ಸಣ್ಣ ಇಮೇಲ್. ಉತ್ತರ ಸರಿಯಿಲ್ಲದಿದ್ದರೆ ಕ್ರೀಡಾ ವಿಭಾಗದಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸು, ಆಮೇಲೆ ಅಥ್ಲೆಟಿಕ್ಸ್‌ಗೆ ಅಂತ ನೇಮಿಸಿದ ಅಧ್ಯಾಪಕ ಪ್ರತಿನಿಧಿ. ಕಾಲೇಜು ಕ್ರೀಡಾ ಸಂಸ್ಥೆಯ ನಿಯಮದ ಪ್ರಕಾರ ಪ್ರತಿ ಯೂನಿವರ್ಸಿಟಿಯಲ್ಲೂ ಅಂಥ ಒಬ್ಬರು ಇರಲೇಬೇಕು. ಅವರು ಕೋಚಿನ ಕೈಕೆಳಗಿನವರಲ್ಲ.

ಕರಡಿಗೆಗೆ ಬೇರೆ ಇಮೇಲ್, ಎರಡನ್ನೂ ಒಂದರಲ್ಲಿ ಕಲಸಬೇಡಿ. ಅದು ಟ್ರೇನರ್‌ಗೆ ಹೋಗಲಿ, ಕಂಪ್ಲಯನ್ಸ್‌ಗೆ ಪ್ರತಿ. ಲಿಂಗ ಅಂದರೇನು ಅಂತ ಎರಡೇ ಸಾಲು, ಬಸವಣ್ಣನಿಂದ ಶುರು ಮಾಡುವುದು ಬೇಡ. ವಸ್ತ್ರದಲ್ಲಿ ಸುತ್ತಿ ಟೇಪ್ ಹಚ್ಚಿದ ಫೋಟೋ, ಅಳತೆ, ತೂಕ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಸಾಕು. ಹೋದ ಸೀಸನ್ನಿನಲ್ಲಿ ಎಷ್ಟು ಮ್ಯಾಚ್ ಹೀಗೆ ಆಡಿದೆ, ಯಾವ ರೆಫರಿಯೂ ತಡೆಯಲಿಲ್ಲ ಅನ್ನುವ ಸಾಲು ಇರಲಿ. ಮೊದಲ ಮ್ಯಾಚಿಗೆ ಎರಡು ವಾರ ಮುಂಚೆ ಕಳಿಸಲಿ. ಮ್ಯಾಚ್ ದಿನ ಆ ಇಮೇಲಿನ ಪ್ರತಿ ಕಿಟ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಲಿ, ರೆಫರಿ ಹೊಸಬರಿದ್ದರೆ ತೋರಿಸಬಹುದು.